ಜ್ಞಾನಾರ್ಜನೆಯ ಹಿಂಸೆ ಮತ್ತು ನ್ಯಾಸದ ಹೊಣೆ

ರಾಜಗೃಹದ ಕಪ್ಪೆಯ ಕಥೆಯನ್ನು ಕೇಳದ ಶ್ರಾವಕ ಕುಟುಂಬ ವಿರಳ. ಆರ್ತಧ್ಯಾನದಿಂದ ಮರಣ ಹೊಂದಿದ ಶ್ರೇಷ್ಠಿಯೊಬ್ಬನು ತನ್ನ ಮನೆಯ ಕೊಳದಲ್ಲಿಯೇ ಕಪ್ಪೆಯಾಗಿ ಹುಟ್ಟಿದನು. ಭಗವಾನ್ ಮಹಾವೀರರ ಸಮವಸರಣವು ಬಂದಿರುವ ವಾರ್ತೆಯನ್ನು ಅರಿತ ಆ ಕಪ್ಪೆಯು ಬಾಯಲ್ಲಿ ಒಂದು ಹೂವನ್ನು ಹಿಡಿದು ದರ್ಶನಕ್ಕೆ ಹೊರಟಿತು. ದಾರಿಯಲ್ಲಿ ಶ್ರೇಣಿಕ ಮಹಾರಾಜನ ಆನೆಯ ಕಾಲಿಗೆ ಸಿಕ್ಕಿ ಮಡಿದು, ಭಾವಶುದ್ಧಿಯ ಫಲವಾಗಿ ದೇವಗತಿಯನ್ನು ಪಡೆಯಿತು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪೂಜೆಯ ಮಹಿಮೆಯನ್ನು ತಿಳಿಸಲು ಈ ಕಪ್ಪೆಯನ್ನೇ ಉದಾಹರಿಸಿದ್ದಾರೆ. ಇನ್ನು ಸರ್ಪದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ತೀರ್ಥಂಕರ ಪಾರ್ಶ್ವನಾಥರ ಲಾಂಛನವೇ ಸರ್ಪ. ಉರಿಯುವ ಕಟ್ಟಿಗೆಯೊಳಗೆ ಸಿಲುಕಿದ್ದ ಸರ್ಪಯುಗಲದ ಮೇಲೆ ಅವರು ತೋರಿದ ಕರುಣೆಯು ಬಸದಿ ಬಸದಿಗಳಲ್ಲಿ ಧರಣೇಂದ್ರ-ಪದ್ಮಾವತಿಯರ ರೂಪದಲ್ಲಿ ಇಂದಿಗೂ ಕಣ್ಣೆದುರಿಗಿದೆ.

ಇದೇ ಕಪ್ಪೆ, ಇದೇ ಹಾವು ಜಗತ್ತಿನ ಬೇರೊಂದು ಬಗೆಯ ಆಲಯದಲ್ಲಿಯೂ ಇವೆ. ಅವು ಅಲ್ಲಿ ಗಾಜಿನ ಜಾಡಿಗಳಲ್ಲಿ, ಮದ್ಯಸಾರದಲ್ಲಿ ಮುಳುಗಿ, ಕಾಲಿಗೆ ಅಥವಾ ಕುತ್ತಿಗೆಗೆ ಕಟ್ಟಿದ ಒಂದು ಚೀಟಿಯೊಡನೆ ಸಾಲುಸಾಲಾಗಿ ಇರಿಸಲ್ಪಟ್ಟಿವೆ. ಅಮೆರಿಕದ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯೊಂದರಲ್ಲಿಯೇ ಇಂತಹ ಸರೀಸೃಪ ಮತ್ತು ಉಭಯವಾಸಿಗಳ ಸುಮಾರು 6 ಲಕ್ಷ ದೇಹಗಳಿವೆ. ಲಂಡನ್ನಿನ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯ, 1916ರಲ್ಲಿ ಸ್ಥಾಪಿತವಾದ ಭಾರತೀಯ ಪ್ರಾಣಿಸರ್ವೇಕ್ಷಣ ಸಂಸ್ಥೆ, 1883ರಲ್ಲಿ ಆರಂಭವಾದ ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘ ಮುಂತಾದೆಡೆಗಳಲ್ಲಿಯೂ ಇಂತಹ ಸಂಗ್ರಹಗಳಿವೆ. ಈ ಪ್ರಾಣಿಗಳಲ್ಲಿ ಹೆಚ್ಚಿನವು ತಾವಾಗಿ ಸತ್ತವುಗಳಲ್ಲ, ಅಧ್ಯಯನಕ್ಕಾಗಿಯೇ ಕೊಲ್ಲಲ್ಪಟ್ಟವು. ಆದರೆ ಅವನ್ನು ಅಧ್ಯಯನ ಮಾಡುವವರು, ಈ ಜೀವಕುಲಗಳು ಭೂಮಿಯಿಂದ ಅಳಿಯದಂತೆ ಕಾಯಲು ಇದು ಅಗತ್ಯವೆನ್ನುತ್ತಾರೆ.

ಇಂದಿನ ಜೈನ ಮನೆಗಳ ಮಕ್ಕಳು ವಾಣಿಜ್ಯ, ಎಂಜಿನಿಯರಿಂಗ್‌ಗಳನ್ನು ಮಾತ್ರವಲ್ಲದೆ ಜೀವಶಾಸ್ತ್ರವನ್ನೂ ಓದುತ್ತಿದ್ದಾರೆ. ಅಂತಹ ಮಗಳೊಬ್ಬಳು ರಜೆಯಲ್ಲಿ ಮನೆಗೆ ಬಂದು, “ಅಪ್ಪಾ, ಪಶ್ಚಿಮ ಘಟ್ಟದ ಕಪ್ಪೆಗಳ ಮೇಲೆ ಸಂಶೋಧನೆ ಮಾಡಬೇಕೆಂದಿದ್ದೇನೆ. ಆದರೆ ಮಾದರಿಗಾಗಿ ಕೆಲವನ್ನು ಕೊಲ್ಲಬೇಕಾಗಬಹುದು. ಏನು ಮಾಡಲಿ?” ಎಂದು ಕೇಳಿದರೆ ಹಿರಿಯರು ಏನು ಉತ್ತರ ಕೊಡಬೇಕು? “ಬೇಡ” ಎಂಬ ಒಂದು ಮಾತು ಸಾಕೇ? “ವಿಜ್ಞಾನಕ್ಕಾಗಿ ತಾನೇ, ಮಾಡು” ಎನ್ನಬಹುದೇ? ಪ್ರಶ್ನೆಯು ಮೇಲ್ನೋಟಕ್ಕೆ ಕಾಣುವಷ್ಟು ಸರಳವಾಗಿಲ್ಲ.

ಮಾದರಿ ಎಂದರೇನು?

ಮೊದಲು ಆಗುವುದೇನೆಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಯಬೇಕು. ಹಿಂದಿನ ಕಾಲದಲ್ಲಿ ಸಂಗ್ರಾಹಕರು ಕಪ್ಪೆ-ಹಾವುಗಳನ್ನು ಜೀವಂತವಾಗಿಯೇ ಮದ್ಯಸಾರದಲ್ಲಿ ಮುಳುಗಿಸಿದ್ದುಂಟು. ಈಗ ಕಪ್ಪೆಯನ್ನು ಅರಿವಳಿಕೆಯ ದ್ರಾವಣದಲ್ಲಿಟ್ಟು, ಪ್ರಜ್ಞೆ ತಪ್ಪಿದ ಬಳಿಕ ಪ್ರಾಣ ಹೋಗುವಂತೆ ಮಾಡುವುದು ಒಪ್ಪಿತ ಕ್ರಮ. ನಂತರ ಯಕೃತ್ತಿನ ಅಥವಾ ಮಾಂಸಖಂಡದ ಸಣ್ಣ ತುಣುಕನ್ನು ವಂಶವಾಹಿ ಪರೀಕ್ಷೆಗಾಗಿ ತೆಗೆದಿರಿಸುತ್ತಾರೆ. ದೇಹವನ್ನು ಫಾರ್ಮಾಲಿನ್‌ನಲ್ಲಿ ಗಟ್ಟಿಗೊಳಿಸಿ, ತೊಳೆದು, ಶೇಕಡಾ 70ರ ಮದ್ಯಸಾರದಲ್ಲಿ ಇಡುತ್ತಾರೆ. ಹಿಡಿದ ಸ್ಥಳ, ದಿನಾಂಕ, ಹಿಡಿದವರ ಹೆಸರು, ಕ್ರಮಸಂಖ್ಯೆ ಇವನ್ನು ಬರೆದ ಚೀಟಿಯನ್ನು ದೇಹಕ್ಕೆ ಕಟ್ಟುತ್ತಾರೆ.

ಈ ಚೀಟಿಯೇ ಮುಖ್ಯ. ಚೀಟಿಯಿಲ್ಲದ ದೇಹವು ಬರಿಯ ಕಳೇಬರ. ಚೀಟಿಯಿರುವ ದೇಹವು ಸಾಕ್ಷಿ. ಇಂತಹ ಜೀವಿ ಇಂತಹ ದಿನ ಇಂತಹ ಹಳ್ಳದ ದಂಡೆಯಲ್ಲಿ ಇತ್ತು ಎಂಬುದಕ್ಕೆ ನೂರು ವರ್ಷಗಳ ನಂತರವೂ ಪರೀಕ್ಷಿಸಿ ನೋಡಬಹುದಾದ ಪುರಾವೆ ಅದು. ಹೊಸ ಪ್ರಭೇದವೊಂದಕ್ಕೆ ಹೆಸರಿಡುವಾಗ ಸಾಮಾನ್ಯವಾಗಿ ಒಂದು ದೇಹವನ್ನು ಮೂಲಮಾದರಿಯೆಂದು ಗೊತ್ತುಪಡಿಸುತ್ತಾರೆ. ಮುಂದೆ ಎಂದಾದರೂ ಸಂದೇಹ ಬಂದರೆ ಆ ದೇಹವೇ ಪ್ರಮಾಣ. ವ್ಯಾಪಾರಿಗೆ ಮೂಲ ಕರಾರುಪತ್ರವು ಹೇಗೋ ಪ್ರಾಣಿಶಾಸ್ತ್ರಜ್ಞನಿಗೆ ಇದು ಹಾಗೆ.

ಜಾಡಿಗಳು ನುಡಿದ ಸಾಕ್ಷ್ಯ

ಈ ಸಾಕ್ಷಿಗಳ ಉಪಯೋಗವೇನೆಂಬುದಕ್ಕೆ ಒಂದು ದೃಷ್ಟಾಂತ ಸಾಕು. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಮಾಂಟೆವೆರ್ಡೆ ಎಂಬ ಮಂಜುಗಾಡಿನಲ್ಲಿ ಹೊನ್ನಿನ ಬಣ್ಣದ ನೆಲಗಪ್ಪೆಯೊಂದಿತ್ತು. 1987ರಲ್ಲಿ ಅವು 1,500ಕ್ಕೂ ಹೆಚ್ಚು ಕಾಣಿಸಿಕೊಂಡಿದ್ದವು. 1989ರ ನಂತರ ಒಂದೂ ಕಂಡಿಲ್ಲ. ಕಾಡು ಕಡಿದಿರಲಿಲ್ಲ, ಆದರೂ ಕಪ್ಪೆಗಳು ಮಾಯವಾದವು. ಆಸ್ಟ್ರೇಲಿಯಾದಲ್ಲಿಯೂ ಅದೇ ಕಾಲದಲ್ಲಿ ಹೀಗೆಯೇ ಆಗುತ್ತಿತ್ತು. 1998ರಲ್ಲಿ ಇದಕ್ಕೆ ಕಾರಣವಾಗಿ ಒಂದು ಶಿಲೀಂಧ್ರವು ಪತ್ತೆಯಾಯಿತು. 1999ರಲ್ಲಿ ಅದಕ್ಕೆ ಶಾಸ್ತ್ರೀಯ ನಾಮಕರಣವಾಯಿತು. ಕಪ್ಪೆಯು ಚರ್ಮದಿಂದಲೂ ಉಸಿರಾಡುತ್ತದೆ, ಚರ್ಮದಿಂದಲೇ ನೀರನ್ನೂ ಲವಣಗಳನ್ನೂ ಹೀರುತ್ತದೆ. ಈ ಶಿಲೀಂಧ್ರವು ಚರ್ಮದಲ್ಲಿ ಬೆಳೆದು ದೇಹದ ಲವಣಗಳ ಸಮತೋಲವನ್ನು ಕೆಡಿಸುವುದರಿಂದ ಕೊನೆಗೆ ಹೃದಯವೇ ನಿಲ್ಲುತ್ತದೆ.

ಈ ರೋಗ ಎಂದಿನಿಂದ ಇದೆ, ಹೇಗೆ ಹರಡಿತು ಎಂಬ ಪ್ರಶ್ನೆಗೆ ಉತ್ತರವಿತ್ತವುಗಳಲ್ಲಿ ಹಳೆಯ ಜಾಡಿಗಳು ಮುಖ್ಯವಾದವು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದು 1938ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಂಗ್ರಹಿಸಿದ್ದ ಕಪ್ಪೆಯ ಚರ್ಮದಲ್ಲಿ ಈ ಶಿಲೀಂಧ್ರವನ್ನು ತೋರಿಸಿತು. ಆ ಬಳಿಕ 19ನೆಯ ಶತಮಾನದ ಮಾದರಿಗಳಲ್ಲಿಯೂ ಅದು ಕಂಡುಬಂದಿತು. 2018ರ ವಂಶವಾಹಿ ಅಧ್ಯಯನವು ಇದರ ಮೂಲವನ್ನು ಪೂರ್ವ ಏಷ್ಯಾದ ಕಡೆಗೆ ಗುರುತಿಸಿ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವು ಅದನ್ನು ಹಬ್ಬಿಸಿತೆಂದು ಸೂಚಿಸಿತು. 2011ರಲ್ಲಿ ಸಂಶೋಧಕರು ವಸ್ತುಸಂಗ್ರಹಾಲಯಗಳ ಕಪ್ಪೆಗಳ ಮತ್ತು ಸಾಲಮಂಡರ್‌ಗಳ ಚರ್ಮವನ್ನು ಹತ್ತಿಯ ಕಡ್ಡಿಯಿಂದ ಮೆಲ್ಲನೆ ಒರಸಿ ಪರೀಕ್ಷಿಸಿ, ರೋಗವು 1970ರ ದಶಕದ ಆರಂಭದಲ್ಲಿ ದಕ್ಷಿಣ ಮೆಕ್ಸಿಕೋದಲ್ಲಿ ಕಾಣಿಸಿಕೊಂಡು, ಮುಂದೆ ಗ್ವಾಟೆಮಾಲಾಕ್ಕೂ, 1987ರ ಹೊತ್ತಿಗೆ ಮಾಂಟೆವೆರ್ಡೆಗೂ ಬಂದುದನ್ನು ತೋರಿಸಿಕೊಟ್ಟರು. ಹೊನ್ನಗಪ್ಪೆಯ ಕಣ್ಮರೆಯೂ ರೋಗದ ಆಗಮನವೂ ಒಂದೇ ಕಾಲಕ್ಕೆ ಸೇರಿದವು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆ ಕಪ್ಪೆಗಳನ್ನು ಹಿಡಿದವರಿಗೆ ಈ ರೋಗದ ಹೆಸರೇ ಗೊತ್ತಿರಲಿಲ್ಲ. ಯಾವ ಪ್ರಶ್ನೆಗಾಗಿ ಪ್ರಾಣಿಯ ಪ್ರಾಣ ಹೋಯಿತೋ ಆ ಪ್ರಶ್ನೆಯನ್ನು ಮೀರಿದ ಉತ್ತರವನ್ನು ಅದರ ದೇಹವು ದಶಕಗಳ ಬಳಿಕ ಕೊಟ್ಟಿತು. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ ಉಭಯವಾಸಿ ಪ್ರಭೇದಗಳಲ್ಲಿ ಶೇಕಡಾ 41ರಷ್ಟು ಅಳಿವಿನ ಭೀತಿಯಲ್ಲಿವೆ. 2022ರ ಸಮೀಕ್ಷೆಯಂತೆ ಸರೀಸೃಪಗಳಲ್ಲಿ ಈ ಪ್ರಮಾಣ ಶೇಕಡಾ 21. ಯಾವುದು ಎಲ್ಲಿತ್ತು ಎಂಬ ಹಳೆಯ ದಾಖಲೆಯಿಲ್ಲದೆ, ಯಾವುದು ಎಲ್ಲಿಂದ ಇಲ್ಲವಾಯಿತು ಎಂದು ಹೇಳುವುದಾದರೂ ಹೇಗೆ?

ಎರಡು ಪಕ್ಷಗಳು

ಹಾಗೆಂದು ವಿಜ್ಞಾನಿಗಳೆಲ್ಲರೂ ಏಕಾಭಿಪ್ರಾಯದವರಲ್ಲ. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ನಾಲ್ವರು ವಿದ್ವಾಂಸರು, ಅತ್ಯಲ್ಪ ಸಂಖ್ಯೆಯಲ್ಲಿ ಉಳಿದಿರುವ ಪ್ರಭೇದಗಳಿಂದ ಮಾದರಿ ತೆಗೆಯುವುದು ಅವನ್ನು ಅಳಿವಿನ ಅಂಚಿಗೆ ತಳ್ಳಬಹುದೆಂದೂ, ಛಾಯಾಚಿತ್ರ, ಧ್ವನಿಮುದ್ರಣ, ಚರ್ಮ ಒರಸಿದ ಕಡ್ಡಿ ಇವುಗಳಿಂದ ಕೆಲಸ ಸಾಧಿಸಬೇಕೆಂದೂ ವಾದಿಸಿದರು. ಅದೇ ವರ್ಷ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಒಟ್ಟಾಗಿ ಪ್ರತ್ಯುತ್ತರವಿತ್ತು, ಎಚ್ಚರದಿಂದ ಮಾಡುವ ಸಂಗ್ರಹದಿಂದ ಪ್ರಭೇದಗಳು ಅಳಿಯುವುದಿಲ್ಲ, ಮಾದರಿಯಿಲ್ಲದೆ ಅನೇಕ ಜೀವಿಗಳನ್ನು ಗುರುತಿಸುವುದೇ ಅಸಾಧ್ಯ ಎಂದರು. ಭಾರತದ 2002ರ ಜೀವವೈವಿಧ್ಯ ಅಧಿನಿಯಮವೂ ಹೊಸ ಪ್ರಭೇದವನ್ನು ಕಂಡುಹಿಡಿದವರು ಅದರ ಮಾದರಿಯನ್ನು ಗೊತ್ತುಪಡಿಸಿದ ಭಂಡಾರದಲ್ಲಿ ಇರಿಸಬೇಕೆಂದು ವಿಧಿಸುತ್ತದೆ.

ಜ್ಞಾನವು ತಾನಾಗಿ ರಕ್ಷೆಯಾಗುವುದಿಲ್ಲವೆಂಬುದಕ್ಕೂ ನಿದರ್ಶನವಿದೆ. ಇಂಡೊನೇಷ್ಯಾದ ರೋಟಿ ದ್ವೀಪದ ಉದ್ದಕತ್ತಿನ ಆಮೆಯನ್ನು 1994ರಲ್ಲಿ ಪ್ರತ್ಯೇಕ ಪ್ರಭೇದವೆಂದು ವರ್ಣಿಸಿದ ಮೇಲೆ ಸಾಕುಪ್ರಾಣಿಗಳ ಪೇಟೆಯಲ್ಲಿ ಅದಕ್ಕೆ ಬೇಡಿಕೆ ಏರಿ, ದ್ವೀಪದಲ್ಲಿ ಅದು ಹೆಚ್ಚುಕಡಿಮೆ ಬರಿದಾಯಿತು. ವಿಜ್ಞಾನಿಯು ಸತ್ಯವನ್ನೇ ಬರೆದನು. ಆ ಸತ್ಯವನ್ನು ಓದಿ ಬೆಲೆ ಕಟ್ಟಿದವನು ವ್ಯಾಪಾರಿ.

ಶಾಸ್ತ್ರದ ನಿಲುವು

ಈ ಎರಡು ಪಕ್ಷಗಳ ನಡುವೆ ಜೈನ ಶ್ರಾವಕನ ಸ್ಥಾನವೆಲ್ಲಿ? ಗೃಹಸ್ಥನಿಗೆ ಅನಿವಾರ್ಯವಾಗುವ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಮಾತ್ರ ಅವನು ಸಂಪೂರ್ಣವಾಗಿ ತ್ಯಜಿಸಬೇಕೆಂದು ಹೇಳಲಾಗಿದೆ. ಕಪ್ಪೆ, ಹಾವು, ಹಲ್ಲಿ, ಆಮೆಗಳು ಪಂಚೇಂದ್ರಿಯ ತಿರ್ಯಂಚ ಜೀವಗಳು. ಮಾದರಿಗಾಗಿ ಅವುಗಳನ್ನು ಆರಿಸಿ, ಹಿಡಿದು, ಪ್ರಾಣ ತೆಗೆಯುವುದು ಉಳುವಾಗ ಅರಿಯದೆ ನೇಗಿಲಿಗೆ ಸಿಕ್ಕ ಹುಳುವಿನ ಸಾವಿನಂತಲ್ಲ. ಅಲ್ಲಿ ಸಂಕಲ್ಪವಿದೆ. ಸಂಶೋಧನೆಯು ಒಂದು ಉದ್ಯೋಗವಾದ್ದರಿಂದ ಅದನ್ನು ಉದ್ಯೋಗೀ ಹಿಂಸೆಯ ಲೆಕ್ಕಕ್ಕೆ ಸೇರಿಸಬಹುದೆಂದು ಯಾರಾದರೂ ವಾದಿಸಿದರೆ ಅದು ಜಾಣತನವಾದೀತೇ ಹೊರತು ಧರ್ಮವಿಚಾರವಾಗದು.

“ಒಂದನ್ನು ಕೊಂದು ಹಲವನ್ನು ಉಳಿಸುವುದು ದಯೆಯಲ್ಲವೇ?” ಎಂಬ ಪ್ರಶ್ನೆಯೂ ಹೊಸದಲ್ಲ. ಆಚಾರ್ಯ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಎತ್ತಿಕೊಂಡಿದ್ದಾರೆ. ಅನೇಕ ಪ್ರಾಣಿಗಳನ್ನು ತಿನ್ನುವ ಒಂದು ಹಿಂಸ್ರಜಂತುವನ್ನು ಕೊಂದರೆ ಬಹುಜೀವಗಳ ರಕ್ಷಣೆಯಾಗುವುದು ಎಂಬ ವಾದವನ್ನೂ, ದುಃಖದಲ್ಲಿರುವ ಜೀವವನ್ನು ಕೊಲ್ಲುವುದು ಕರುಣೆ ಎಂಬ ವಾದವನ್ನೂ ಅವರು ಒಂದೊಂದಾಗಿ ನಿರಾಕರಿಸಿದ್ದಾರೆ. ಆದುದರಿಂದ ಮಾದರಿಗಾಗಿ ಮಾಡುವ ವಧೆಯನ್ನು ಅಹಿಂಸೆಯೆಂದು ಕರೆಯಲು ಶಾಸ್ತ್ರದಲ್ಲಿ ಆಧಾರವಿಲ್ಲ. ಖರ್ಚನ್ನು ಖರ್ಚೆಂದೇ ಬರೆಯಬೇಕು. ಉದ್ದೇಶ ಒಳ್ಳೆಯದೆಂದು ಅದನ್ನು ಜಮಾ ಕಡೆಗೆ ಬರೆದರೆ ಲೆಕ್ಕವೇ ಸುಳ್ಳಾಗುತ್ತದೆ.

ಆದರೆ ಅದೇ ಗ್ರಂಥವು ಇನ್ನೊಂದು ಮಾತನ್ನೂ ಹೇಳುತ್ತದೆ: ಒಬ್ಬರ ಹಿಂಸೆಯ ಫಲದಲ್ಲಿ ಹಲವರು ಪಾಲುಗಾರರಾಗುವುದುಂಟು. ಕೃತ, ಕಾರಿತ, ಅನುಮೋದನ ಮೂರೂ ಎಣಿಕೆಗೆ ಬರುತ್ತವೆ. ಹಾಗಿದ್ದರೆ ಮಾದರಿಗಳಿಂದ ದೊರೆತ ತಿಳಿವಳಿಕೆಯನ್ನು ಬಳಸುವವರೆಲ್ಲರೂ ಆ ವಧೆಯನ್ನು ಅನುಮೋದಿಸಿದಂತಾಗುವುದೇ? ಹಾಗೇನಿಲ್ಲ; ನಡೆದುಹೋದುದನ್ನು ಸರಿಯೆಂದು ಹೊಗಳುವುದು ಬೇರೆ, ಅದರಿಂದ ಉಳಿದುದಕ್ಕೆ ಹೊಣೆಯಾಗುವುದು ಬೇರೆ. ಈ ಎರಡನೆಯದು ನ್ಯಾಸದ ವಿಚಾರ.

ಜಾಡಿಯೊಂದು ನ್ಯಾಸ

ಇನ್ನೊಬ್ಬರು ನಂಬಿ ಇಟ್ಟ ಒತ್ತೆಯನ್ನು ಇಲ್ಲವೆನಿಸುವುದು, ಕಡಿಮೆ ಮಾಡಿ ಕೊಡುವುದು ನ್ಯಾಸಾಪಹಾರ. ಇದನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಲಾಗಿದೆ. ಜಾಡಿಯಲ್ಲಿರುವ ಕಪ್ಪೆಯು ಏನನ್ನೂ ನಂಬಿ ಇಡಲಿಲ್ಲ, ಅದರಿಂದ ಕಿತ್ತುಕೊಳ್ಳಲಾಯಿತು. ಹಾಗಿದ್ದ ಮೇಲೆ ಅದನ್ನು ಕಾಯುವ ಹೊಣೆ ಸಾಮಾನ್ಯ ಒತ್ತೆಗಿಂತ ಗುರುತರವಾದುದು. ಒಂದು ಚೀಟಿ ಹರಿದರೆ, ಒಂದು ಜಾಡಿಯ ಮದ್ಯಸಾರ ಆರಿದರೆ ಆ ಜೀವದ ಮರಣವು ಎರಡನೆಯ ಬಾರಿ ವ್ಯರ್ಥವಾಗುತ್ತದೆ.

ಕರ್ನಾಟಕವೇ ಇದಕ್ಕೆ ಸಾಕ್ಷಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ (1882–1960) ಅವರು ದಕ್ಷಿಣ ಭಾರತದ ಕಪ್ಪೆಗಳ ಅಧ್ಯಯನದಲ್ಲಿ ಅಗ್ರಗಣ್ಯರು. 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಸ್ಥಾಪಕ ಸಂಪಾದಕರು. ಕೊಡಗಿನ ಬ್ರಹ್ಮಗಿರಿಯ ಇರುಳುಗಪ್ಪೆಯೊಂದನ್ನು ಅವರು 1920ರಲ್ಲಿ ವರ್ಣಿಸಿದರು. ಅದು ಮತ್ತೆ ಕಂಡುಬಂದ ವಿಷಯ ಪ್ರಕಟವಾದದ್ದು 91 ವರ್ಷಗಳ ಬಳಿಕ, 2011ರಲ್ಲಿ. 1937ರಲ್ಲಿ ಅವರು ಚಿಕ್ಕಮಗಳೂರು ಸೀಮೆಯ ಕೊಟ್ಟಿಗೆಹಾರದ ಕಪ್ಪೆಯೂ ಸೇರಿದಂತೆ ಹಲವು ಹೊಸ ರೂಪಗಳನ್ನು ಹೆಸರಿಸಿದರು. ಆದರೆ ಕಾಲೇಜಿನಲ್ಲಿದ್ದ ಅವುಗಳ ಮೂಲಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು. ಬರವಣಿಗೆ ಉಳಿಯಿತು, ಪ್ರಮಾಣ ಉಳಿಯಲಿಲ್ಲ. ಅವರು ಕಂಡ ಕಪ್ಪೆ ಇಂದಿನ ಯಾವ ಕಪ್ಪೆ ಎಂಬ ಸಂದೇಹಗಳು ದಶಕಗಟ್ಟಲೆ ಉಳಿದವು. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ‘ರಾವೋರ್ಕೆಸ್ಟಿಸ್’ ಎಂದು ಅವರ ಹೆಸರನ್ನಿಟ್ಟು ಗೌರವಿಸಲಾಯಿತು. ಆದರೆ ಆ ಗೌರವದಿಂದ ಕಳೆದುಹೋದ ಜಾಡಿಗಳು ಮರಳಿ ಬರಲಿಲ್ಲ. ಮೂಲಮಾದರಿ ಕಳೆದಾಗ ಅದರ ಸ್ಥಾನದಲ್ಲಿ ಹೊಸದೊಂದನ್ನು ಗೊತ್ತುಪಡಿಸಲು ನಾಮಕರಣದ ನಿಯಮಗಳು ಅವಕಾಶ ಕೊಡುತ್ತವೆ. ತಕ್ಕ ಮಾದರಿ ಬೇರೆಡೆ ಸಿಗದಿದ್ದರೆ ಹೊಸದು ಎಲ್ಲಿಂದ ಬರಬೇಕು? ಅದೇ ಹಳ್ಳದಿಂದ, ಮತ್ತೊಂದು ಜೀವದಿಂದ. ಕಾವಲಿನ ಅಲಕ್ಷ್ಯವೂ ಹಿಂಸೆಗೆ ಕಾರಣವಾಗುವುದು ಹೀಗೆ.

2010ರ ಮೇ ತಿಂಗಳಲ್ಲಿ ಬ್ರೆಜಿಲಿನ ಸಾವೊ ಪಾಲೊ ನಗರದ ಬುಟಾಂಟನ್ ಸಂಸ್ಥೆಯಲ್ಲಿ ಬೆಂಕಿ ಬಿದ್ದು, ನೂರು ವರ್ಷಗಳಿಂದ ಕೂಡಿಟ್ಟ 70,000ಕ್ಕೂ ಹೆಚ್ಚು ಹಾವುಗಳ ಸಂಗ್ರಹವು ನಾಶವಾಯಿತು. ಕಾವಲಿನ ಬೆಲೆ ತಿಳಿಯಬೇಕಾದರೆ ಮೂಡುಬಿದಿರೆಯನ್ನು ನೆನೆದರೆ ಸಾಕು. ಧವಲಾ ಗ್ರಂಥದ ತಾಡವೋಲೆಗಳು ಶತಮಾನಗಳ ಕಾಲ ಅಲ್ಲಿನ ಬಸದಿಯಲ್ಲಿ ಉಳಿದುದರಿಂದಲೇ 1939ರಿಂದ ಅದರ ಮುದ್ರಣ ಸಾಧ್ಯವಾಯಿತು. ಆ ಓಲೆಗಳನ್ನು ಗೆದ್ದಲಿಗೆ ಬಿಟ್ಟಿದ್ದರೆ ಲೋಕದಲ್ಲಿ ಎರಡನೆಯ ಪ್ರತಿ ಇರಲಿಲ್ಲ. ಅವನ್ನು ಪೆಟ್ಟಿಗೆಯಲ್ಲಿಟ್ಟು ಯಾರಿಗೂ ತೋರಿಸದೆ ಇದ್ದಿದ್ದರೂ ಜ್ಞಾನಕ್ಕೆ ಅಂತರಾಯವೇ ಆಗುತ್ತಿತ್ತು. ಕಾಯುವುದು, ಓದಲು ತೆರೆದಿಡುವುದು ಎರಡೂ ಸೇರಿದರೆ ಮಾತ್ರ ನ್ಯಾಸಧರ್ಮ ಪೂರ್ಣವಾಗುತ್ತದೆ. ಮಾದರಿಗಳ ವಿಷಯದಲ್ಲಿಯೂ ಇದೇ ನ್ಯಾಯ.

ಕೊಲ್ಲದೆ ಅರಿಯುವ ಮಾರ್ಗ

ಈ ದಿಕ್ಕಿನಲ್ಲಿ ಆಶಾದಾಯಕ ಬೆಳವಣಿಗೆಗಳಾಗಿವೆ. ಗಲಪಗೋಸ್ ದ್ವೀಪಸಮೂಹದ ವುಲ್ಫ್ ಜ್ವಾಲಾಮುಖಿಯ ಮೇಲೆ ವಾಸಿಸುವ ಗುಲಾಬಿ ಬಣ್ಣದ ಇಗ್ವಾನಾ ಎಂಬ ದೊಡ್ಡ ಹಲ್ಲಿಯನ್ನು 2009ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದಾಗ, ಅವು ತೀರ ಕಡಿಮೆ ಸಂಖ್ಯೆಯಲ್ಲಿ ಉಳಿದಿರುವುದರಿಂದ ವಿಜ್ಞಾನಿಗಳು ಮೂಲಮಾದರಿಯನ್ನು ಕೊಲ್ಲಲಿಲ್ಲ. ಅದರ ರಕ್ತದ ಹನಿಗಳನ್ನು ತೆಗೆದು, ಚರ್ಮದಡಿಯಲ್ಲಿ ಗುರುತಿನ ಸಾಧನವನ್ನು ಇರಿಸಿ, ಅದನ್ನು ಅದರ ಬೆಟ್ಟಕ್ಕೇ ಬಿಟ್ಟುಬಂದರು. ಮೂಲಮಾದರಿಯು ಜೀವದಿಂದ ಓಡಾಡುತ್ತಿದ್ದರೂ ನಾಮಕರಣ ನಿಲ್ಲಲಿಲ್ಲ. “ಬೇರೆ ದಾರಿಯಿಲ್ಲ” ಎಂಬ ಮಾತನ್ನು ಇನ್ನು ಮುಂದೆ ಎರಡು ಸಲ ಯೋಚಿಸಿ ಆಡಬೇಕೆಂದು ಈ ಘಟನೆ ಕಲಿಸುತ್ತದೆ.

ಅಮೆರಿಕದ ಹದಿನೆಂಟು ಸಂಸ್ಥೆಗಳು 2017ರಿಂದ 2023ರವರೆಗೆ ಸೇರಿ, ತಮ್ಮಲ್ಲಿದ್ದ ಕಶೇರುಕ ಪ್ರಾಣಿಗಳ ಸುಮಾರು 13,000 ಮಾದರಿಗಳನ್ನು ಆಸ್ಪತ್ರೆಗಳಲ್ಲಿರುವಂತಹ ಸಿ.ಟಿ. ಯಂತ್ರಗಳಿಂದ ಚಿತ್ರಿಸಿ, ಯಾರು ಬೇಕಾದರೂ ನೋಡುವಂತೆ ಒದಗಿಸಿದವು. ದೇಹವನ್ನು ಕೊಯ್ಯದೆ ಮೂಳೆಗಳನ್ನು ನೋಡಬಹುದು. ದೂರದ ವಿದ್ಯಾರ್ಥಿಗೆ ಹೊಸ ಪ್ರಾಣಿ ಬೇಕಾಗುವುದಿಲ್ಲ. ಭಾರತದಲ್ಲಿಯೂ ಕಾಲೇಜುಗಳ ಪ್ರಾಣಿಚ್ಛೇದನವನ್ನು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2011ರಿಂದ ಹಂತಹಂತವಾಗಿ ಕಡಿಮೆ ಮಾಡಿಸಿತು. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಹಾವು, ಕಳಚಿದ ಪೊರೆ, ಕಪ್ಪೆಯ ಕೂಗಿನ ಧ್ವನಿಮುದ್ರಣ ಇವೆಲ್ಲವೂ ಸ್ಥಳ-ದಿನಾಂಕಗಳ ಚೀಟಿಯಿದ್ದರೆ ಸಾಕ್ಷಿಗಳೇ. ಇವುಗಳಿಂದ ಎಲ್ಲ ಪ್ರಶ್ನೆಗಳಿಗೂ ಉತ್ತರ ಸಿಗದು ಎಂಬುದೂ ನಿಜ. ಎಲ್ಲಿ ಸಿಗದೋ ಅಲ್ಲಿ ಶ್ರಾವಕನು ತನ್ನ ಪ್ರಶ್ನೆಯನ್ನೇ ಬಿಡಲು ಸಿದ್ಧನಾಗಿರಬೇಕು. ಪರಿಗ್ರಹಕ್ಕೆ ಪರಿಮಾಣವಿರುವಂತೆ ಕುತೂಹಲಕ್ಕೂ ಪರಿಮಾಣವುಂಟು.

ಶ್ರಾವಕರ ಪಾಲು

ವಿಜ್ಞಾನಿಯನ್ನು ದೂಷಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅವನು ಕೊಂದ ಒಂದೊಂದು ಕಪ್ಪೆಯ ಹೆಸರೂ ದಿನಾಂಕವೂ ಅವನ ಪುಸ್ತಕದಲ್ಲಿದೆ. ನಿವೇಶನಕ್ಕಾಗಿ ಮುಚ್ಚಿದ ಕೆರೆಯಲ್ಲಿ, ಕೀಟನಾಶಕ ಹರಿದ ಗದ್ದೆಯಲ್ಲಿ, ಮಳೆಗಾಲದ ರಾತ್ರಿಯ ಹೆದ್ದಾರಿಯಲ್ಲಿ ಸತ್ತವುಗಳ ಲೆಕ್ಕ ಯಾರ ಪುಸ್ತಕದಲ್ಲಿದೆ? ಉಭಯವಾಸಿಗಳಿಗೆ ಬಂದಿರುವ ಆಪತ್ತುಗಳಲ್ಲಿ ಅತ್ಯಂತ ವ್ಯಾಪಕವಾದುದು ವಾಸಸ್ಥಾನದ ನಾಶವೆಂದು ಸಮೀಕ್ಷೆಗಳು ಹೇಳುತ್ತವೆ. ಆ ನಾಶದಲ್ಲಿ ವಿಜ್ಞಾನಿಗಿಂತ ವರ್ತಕನ ಪಾಲು ಹೆಚ್ಚು. ಒಂದು ಕಾಲಕ್ಕೆ ಭಾರತವು ಕಪ್ಪೆಯ ಕಾಲುಗಳನ್ನು ಪರದೇಶಗಳ ಊಟದ ಮೇಜಿಗೆ ರಫ್ತು ಮಾಡುತ್ತಿತ್ತು. 1987ರಲ್ಲಿ ಸರಕಾರವು ಅದನ್ನು ನಿಷೇಧಿಸಿತು. ಒಂದು ವ್ಯಾಪಾರವನ್ನು ನಿಲ್ಲಿಸಿದುದರಿಂದ ಉಳಿದ ಜೀವಗಳ ಮುಂದೆ ಜಾಡಿಗಳ ಸಂಖ್ಯೆ ಅಲ್ಪವೇ ಸರಿ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವಿದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಲ್ಯಾಣಿಯ ತಳಕ್ಕೆ ಸಿಮೆಂಟು ಹಾಕಿಸುವ ಮೊದಲು ಅದರೊಳಗೆ ಯಾರು ವಾಸಿಸುತ್ತಿದ್ದಾರೆಂದು ನೋಡುವುದು ಸಾಧ್ಯ. ಆವರಣಕ್ಕೆ ಬಂದ ಹಾವನ್ನು ಹೊಡೆಯದೆ ಅರಣ್ಯ ಇಲಾಖೆಗೆ ತಿಳಿಸುವುದು ಸಾಧ್ಯ. ಜ್ಞಾನದಾನಕ್ಕಾಗಿ ಎತ್ತಿಟ್ಟ ನಿಧಿಯ ಒಂದಂಶವನ್ನು ಹತ್ತಿರದ ಕಾಲೇಜಿನ ಧೂಳು ಹಿಡಿದ ಪ್ರಾಣಿಸಂಗ್ರಹದ ಪಟ್ಟಿ ಮಾಡಿಸಲು, ಚೀಟಿಗಳನ್ನು ನಕಲು ಮಾಡಿಸಲು, ಜಾಡಿಗಳನ್ನು ತುಂಬಿಸಲು ಕೊಡುವುದೂ ಸಾಧ್ಯ. ಇದು ಹೊಸ ಹಿಂಸೆಗೆ ಕೊಟ್ಟ ಹಣವಲ್ಲ, ಮುಂದಿನ ಹಿಂಸೆಯನ್ನು ತಡೆಯಲು ಕೊಟ್ಟ ಹಣ.

ಹಾಗಾದರೆ ಪ್ರಶ್ನೆ ಕೇಳಿದ ಮಗಳಿಗೆ ಉತ್ತರವೇನು? ಕಪ್ಪೆಗಳನ್ನು ಓದಬೇಡವೆಂದು ಹೇಳುವುದು ಧರ್ಮವಲ್ಲ. ಅರಿಯದ ಜೀವವನ್ನು ಕಾಯುವುದು ಯಾರಿಂದಲೂ ಆಗದು. ಕೊಲ್ಲು ಎಂದು ಹೇಳುವುದೂ ಧರ್ಮವಲ್ಲ. ಈಗಾಗಲೇ ಪ್ರಾಣ ತೆತ್ತವುಗಳ ಬಳಿಗೆ ಮೊದಲು ಹೋಗು, ಅವು ಹೇಳುವುದನ್ನು ಪೂರ್ತಿ ಕೇಳು. ಕೊಲ್ಲದೆ ಸಾಧ್ಯವಾಗುವ ಪ್ರಶ್ನೆಗಳನ್ನೇ ಆರಿಸಿಕೋ. ಯಾವ ಪ್ರಶ್ನೆಗೆ ಜೀವವೇ ಬೆಲೆಯೋ ಆ ಪ್ರಶ್ನೆಯ ಮುಂದೆ ನಿಂತು ಹಿಂದಿರುಗಲು ನಾಚಬೇಡ ಎಂದು ಹೇಳಬಹುದು. ಹಾಗೆ ಹಿಂದಿರುಗಿದ್ದರಿಂದ ಪದವಿ ತಡವಾದರೆ, ಮನೆಯವರು ಅವಳ ಬೆನ್ನಿಗಿರಬೇಕು. ಮಕ್ಕಳಿಗೆ ವ್ರತವನ್ನು ಬೋಧಿಸಿ ಅದರ ವೆಚ್ಚವನ್ನು ಅವರ ತಲೆಯ ಮೇಲೆಯೇ ಹೊರಿಸುವುದು ಹಿರಿಯರಿಗೆ ತಕ್ಕುದಲ್ಲ.

ರಾಜಗೃಹದ ಹಾದಿಯಲ್ಲಿ ಹೂ ಹಿಡಿದು ಹೊರಟ ಕಪ್ಪೆಯನ್ನು ಆನೆಯ ಮೇಲೆ ಕುಳಿತಿದ್ದ ಶ್ರೇಣಿಕ ಮಹಾರಾಜನು ನೋಡಲಿಲ್ಲ. ಅವನೂ ದರ್ಶನಕ್ಕೇ ಹೊರಟಿದ್ದನು. ಅವನ ಉದ್ದೇಶವೂ ಶುಭವೇ ಆಗಿತ್ತು. ದೊಡ್ಡ ಉದ್ದೇಶಗಳನ್ನು ಏರಿ ಹೊರಟವರು ದಾರಿಯಲ್ಲಿ ಕೆಳಗೆ ನೋಡಿಕೊಂಡು ಹೋಗುವುದೇ ಯತ್ನಾಚಾರ.